ಲಂಗರು ಹುಡುಕುವ ಮೊದಲು ಮಣ್ಣು ನೋಡಿ: ಪ್ರಾಣಿಯಾಕಾರದ ಹಳೆಯ ಇಂಗ್ಲಿಷ್ ಪಿಂಗಾಣಿ ಡಬ್ಬಿಗಳನ್ನು ಸಂಗ್ರಹಿಸುವ ಬಗೆ

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಡಬ್ಬಿ ಮೊಲದ ಆಕಾರದಲ್ಲಿದೆ, ತಳದಲ್ಲಿ ಬಂಗಾರದ ಬಣ್ಣದ ಲಂಗರಿನ ಗುರುತಿದೆ. ಚೆಲ್ಸಿಯದ್ದೇ ತಾನೆ?" ಚೆಲ್ಸಿಯ ಎಂದರೆ ಲಂಗರನ್ನು ಗುರುತಾಗಿ ಬಳಸಿದ, ಲಂಡನ್ನಿನ 18ನೇ ಶತಮಾನದ ಹೆಸರಾಂತ ಪಿಂಗಾಣಿ ಕಾರ್ಖಾನೆ. ಬಹುಪಾಲು ಸಂದರ್ಭಗಳಲ್ಲಿ ಉತ್ತರ "ಅಲ್ಲ". 18ನೇ ಶತಮಾನದ ಇಂಗ್ಲಿಷ್ ಪಿಂಗಾಣಿಯಲ್ಲಿ ಗುರುತು ಎಲ್ಲಕ್ಕಿಂತ ದುರ್ಬಲ ಸಾಕ್ಷಿ. ಅದನ್ನು ಯಾರು ಬೇಕಾದರೂ ಬರೆಯಬಹುದು, ಬರೆದಿದ್ದಾರೆ ಕೂಡ. ಮಣ್ಣು, ಗ್ಲೇಜು (ಮೇಲಿನ ಗಾಜಿನಂಥ ಲೇಪ), ಮುಚ್ಚಳ ಕೂರುವ ರೀತಿ, ಬಂಗಾರ ಹಚ್ಚಿದ ರೀತಿ ಇವುಗಳಲ್ಲಿ ಮೋಸ ಮಾಡುವುದು ಅಷ್ಟು ಸುಲಭವಲ್ಲ. ಆದ್ದರಿಂದ ಈ ಲೇಖನದಲ್ಲಿ ಗುರುತಿನ ಸರದಿ ಬರುವುದು ಏಳನೇ ಹಂತದಲ್ಲಿ. ಡಬ್ಬಿಯನ್ನು ಕೈಗೆತ್ತಿಕೊಂಡಾಗ ನೀವೂ ಇದೇ ಕ್ರಮದಲ್ಲಿ ಹೋಗಿ.

1. ನಿಮಗೆ ಬೇಕಾದ ಬಗೆ ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿ

ಒಂದೇ ಹೆಸರಿನಡಿ ಮಾರಾಟವಾಗುವ ಈ ಡಬ್ಬಿಗಳಲ್ಲಿ ಮೂರು ಬೇರೆ ಬೇರೆ ಬಗೆಗಳಿವೆ. ಕಾಲ, ಬೆಲೆ, ನಕಲಿನ ಅಪಾಯ ಮೂರಕ್ಕೂ ಬೇರೆ.

ಬಾನ್‌ಬೊನಿಯೇರ್: ಸಿಹಿಕಾಳು ಇಟ್ಟುಕೊಳ್ಳುವ ಕಿರುಡಬ್ಬಿ. ಸಕ್ಕರೆ ಲೇಪಿಸಿದ ಸೋಂಪು, ಶಾಜೀರಿಗೆಯಂಥ ಕಾಳುಗಳನ್ನು ಬಾಯಿವಾಸನೆ ಹೋಗಲೆಂದು ಶ್ರೀಮಂತರು ಇದರಲ್ಲಿ ಜೊತೆಗಿಟ್ಟುಕೊಳ್ಳುತ್ತಿದ್ದರು. ಎತ್ತರ ಸಾಮಾನ್ಯವಾಗಿ 4ರಿಂದ 6 ಸೆಂ.ಮೀ. ಮಲಗಿದ ಕುರಿ, ಪಗ್ ನಾಯಿ, ಬೆಕ್ಕು, ಹಕ್ಕಿ ಹೀಗೆ ಪ್ರಾಣಿಯ ದೇಹವೇ ಟೊಳ್ಳು ಪಾತ್ರೆ. ಬಾಯಿ ಇರುವುದು ತಳದಲ್ಲಿ, ಅಲ್ಲಿಗೇ ಕೀಲು ಹಾಕಿದ ಮುಚ್ಚಳ. ಪ್ರಾಣಿಯನ್ನು ಅಂಗಾತ ಮಾಡಿದರೆ ಮಾತ್ರ ಡಬ್ಬಿ ತೆರೆಯುತ್ತದೆ. ಚೆಲ್ಸಿಯ ಕಾರ್ಖಾನೆಯೂ ಲಂಡನ್ನಿನ ಸೇಂಟ್ ಜೇಮ್ಸ್‌ನಲ್ಲಿದ್ದ ಆಭರಣ ವ್ಯಾಪಾರಿ ಚಾರ್ಲ್ಸ್ ಗೂಯನ್ನನ ಕಾರ್ಖಾನೆಯೂ 1750ರ ದಶಕದಲ್ಲಿ ಇವನ್ನು ತಯಾರಿಸಿದವು. ಗೂಯನ್ನನ ಕಾರ್ಖಾನೆಯ ಹೆಸರು ಬಹುಕಾಲ ತಿಳಿದಿರಲಿಲ್ಲ. ಅಲ್ಲಿಯ ಪ್ರಸಿದ್ಧ ಬೊಂಬೆಯೊಂದರಿಂದಾಗಿ 'ಗರ್ಲ್ ಇನ್ ಎ ಸ್ವಿಂಗ್' ಕಾರ್ಖಾನೆ ಎಂದೇ ಕರೆಯುತ್ತಿದ್ದರು, ಹರಾಜಿನ ಪಟ್ಟಿಗಳಲ್ಲಿ ಈಗಲೂ ಆ ಹೆಸರು ಕಾಣುತ್ತದೆ. ಇದೇ ಗುಂಪಿನ ಅತ್ತರಿನ ಬಾಟಲಿ, ಮೊಹರು, ಸೂಜಿಪೆಟ್ಟಿಗೆಗಳನ್ನೆಲ್ಲ ಸೇರಿಸಿ ಪಟ್ಟಿಗಳಲ್ಲಿ 'ಟಾಯ್ಸ್' ಎಂದು ನಮೂದಿಸುತ್ತಾರೆ. ಹುಡುಕುವಾಗ ಆ ಪದವನ್ನೂ ಹಾಕಿ.

ಟ್ಯುರೀನ್: ಊಟದ ಮೇಜಿನ ಮೇಲಿಡುವ ಮುಚ್ಚಳದ ಪಾತ್ರೆ. ಚೆಲ್ಸಿಯದ 1755ರ ಹರಾಜಿನ ಪಟ್ಟಿಯಲ್ಲಿ ನಿಜಗಾತ್ರದ ಮೊಲ, ಮರಿಗಳೊಂದಿಗೆ ಕೂತ ಹೇಂಟೆ ಎರಡೂ ಇವೆ. ಮೊಲದ ಉದ್ದ ಸುಮಾರು 35 ಸೆಂ.ಮೀ. ಬೆನ್ನಿನ ಭಾಗವೇ ಮುಚ್ಚಳ. ಇಂಥ ದೊಡ್ಡವು ಈಗ ಹೆಚ್ಚಾಗಿ ವಸ್ತುಸಂಗ್ರಹಾಲಯಗಳಲ್ಲೇ ಇವೆ. ಗೂಡಿನಲ್ಲಿ ಕೂತ ಕೌಜುಗದ ಸಣ್ಣ ಟ್ಯುರೀನುಗಳನ್ನು ಚೆಲ್ಸಿಯ, ಬೋ, ವೂಸ್ಟರ್, ಡರ್ಬಿ ಕಾರ್ಖಾನೆಗಳೆಲ್ಲವೂ ಮಾಡಿದವು. 18ನೇ ಶತಮಾನದ ಒಂದು ವಸ್ತುವಾದರೂ ನಿಮ್ಮ ಸಂಗ್ರಹದಲ್ಲಿ ಇರಬೇಕೆಂದಿದ್ದರೆ ಈ ಕೌಜುಗವೇ ಎಟುಕುವ ಗುರಿ.

ವಿಕ್ಟೋರಿಯ ಕಾಲದ ಕೋಳಿ, ಬಾತು, ಪಾರಿವಾಳಗಳು: 19ನೇ ಶತಮಾನದ ಮಧ್ಯದಿಂದ ಸ್ಟಾಫರ್ಡ್‌ಶೈರಿನ ಹಲವಾರು ಕಾರ್ಖಾನೆಗಳು ಬುಟ್ಟಿಯಾಕಾರದ ಗೂಡಿನ ಮೇಲೆ ಕೂತ ಕೋಳಿಗಳನ್ನು ಮೊಟ್ಟೆ ಇಡಲೆಂದು ಮಾಡಿದವು. ಇವುಗಳಲ್ಲಿ ಹೆಚ್ಚಿನವು ಅಪ್ಪಟ ಪಿಂಗಾಣಿಯಲ್ಲ, ಬೆಳಕು ಹಾಯದ ಬಿಳಿಮಣ್ಣಿನ ಪಾತ್ರೆಗಳು. ಗುರುತು ಇರುವುದು ಅಪರೂಪ. ಹೊಸಬರು ಇಲ್ಲಿಂದ ಶುರುಮಾಡುವುದೇ ವಾಸಿ. ಕಲಿಯುವ ಕಾಲದಲ್ಲಿ ಆಗುವ ತಪ್ಪಿಗೆ ಇಲ್ಲಿ ಕಡಿಮೆ ಬೆಲೆ ತೆರುತ್ತೀರಿ.

2. ಇಂಗ್ಲಿಷ್ ಪಿಂಗಾಣಿ ಅಲ್ಲದ್ದನ್ನು ಬೇರ್ಪಡಿಸಿ

ದುಡ್ಡು ಹೆಚ್ಚು ಕಳೆದುಹೋಗುವುದು ಸೂಕ್ಷ್ಮ ನಕಲುಗಳಿಂದಲ್ಲ, ಈ ಸರಳ ಗೊಂದಲಗಳಿಂದ.

ಎನಾಮಲ್ ಡಬ್ಬಿ: ಪಗ್, ಮೊಲ, ಕಾಡುಹಂದಿಯ ತಲೆ, ಬುಲ್‌ಫಿಂಚ್ ಹಕ್ಕಿಯ ಆಕಾರದ ಬಾನ್‌ಬೊನಿಯೇರ್‌ಗಳನ್ನು ಬಿಲ್ಸ್ಟನ್ ಮತ್ತು ದಕ್ಷಿಣ ಸ್ಟಾಫರ್ಡ್‌ಶೈರಿನಲ್ಲಿ 18ನೇ ಶತಮಾನದ ಉತ್ತರಾರ್ಧದಲ್ಲಿ ತಯಾರಿಸಿದರು. ಇವು ತಾಮ್ರದ ತಗಡಿನ ಮೇಲೆ ಗಾಜಿನ ಲೇಪ ಕರಗಿಸಿ ಮಾಡಿದವು. ಚಕ್ಕೆ ಹಾರಿದ ಕಡೆ ಕಪ್ಪು ಲೋಹ ಅಥವಾ ಹಸಿರು ಕಿಲುಬು ಕಾಣುತ್ತದೆ, ಗೋಡೆ ಪಿಂಗಾಣಿಗಿಂತ ತೆಳು, ಬೆಳಕು ಹಾಯುವುದಿಲ್ಲ. ಇವೂ ಸಂಗ್ರಹಯೋಗ್ಯ, ಆದರೆ ಬೇರೆ ವಸ್ತು, ಬೇರೆ ಮಾರುಕಟ್ಟೆ. ಇವನ್ನೆಲ್ಲ 'ಬ್ಯಾಟರ್ಸಿ' ಎಂದು ಮಾರುವ ರೂಢಿಯಿದೆ. ಲಂಡನ್ನಿನ ಬ್ಯಾಟರ್ಸಿ ಕಾರ್ಖಾನೆ ನಡೆದದ್ದು 1753ರಿಂದ 1756ರವರೆಗೆ ಮಾತ್ರ, ಪ್ರಾಣಿಯಾಕಾರದ ಡಬ್ಬಿಗೆ ಆ ಹೆಸರು ಕಂಡರೆ ಬೆಲೆ ಕೊಡುವ ಮೊದಲು ನಿಲ್ಲಿ. 1970ರಿಂದ ಹ್ಯಾಲ್ಸಿಯನ್ ಡೇಸ್ ಸಂಸ್ಥೆ ಈ ಕಸುಬಿಗೆ ಮರುಜೀವ ಕೊಟ್ಟಿತು. ಅದರ ಡಬ್ಬಿಗಳು ಚೆಂದವಾಗಿವೆ, ಹೆಸರನ್ನೂ ಹೊತ್ತಿವೆ, ಆದರೆ ಹಳೆಯವಲ್ಲ.

ಫೇರಿಂಗ್: ಇಂಗ್ಲೆಂಡಿನ ಜಾತ್ರೆಗಳಲ್ಲಿ ಬಹುಮಾನವಾಗಿ ಕೊಡುತ್ತಿದ್ದ, ಅಗ್ಗಕ್ಕೆ ಮಾರುತ್ತಿದ್ದ ಚಿಕ್ಕ ಪಿಂಗಾಣಿ ವಸ್ತುಗಳು. ಮುಚ್ಚಳದ ಮೇಲೆ ನಾಯಿ, ಬೆಕ್ಕು ಕೂತ ಡಬ್ಬಿಗಳು ಇವುಗಳಲ್ಲಿ ಬಹಳ. ಮಾರಾಟವಾದದ್ದು ಇಂಗ್ಲೆಂಡಿನಲ್ಲಿ, ತಯಾರಾದದ್ದು ಜರ್ಮನಿಯಲ್ಲಿ. ಪ್ರಮುಖ ತಯಾರಕರು ಪೋಸ್ನೆಕ್ ಊರಿನ ಕೊಂಟಾ ಉಂಡ್ ಬೋಮೆ. ತಳದಲ್ಲಿ ಒತ್ತಿದ ಅಂಕಿ, ಗುರಾಣಿಯೊಳಗೆ ಕಠಾರಿ ಹಿಡಿದ ಮಡಿಸಿದ ತೋಳು ಕಂಡರೆ ಅವರದ್ದು.

ಲಿಮೋಜ್ ಡಬ್ಬಿ: ಹಿತ್ತಾಳೆ ಬಣ್ಣದ ಕೀಲು, ಪ್ರಾಣಿಯ ನಡುವೆ ಅಡ್ಡಲಾಗಿ ತೆರೆಯುವ ಬಾಯಿ, ಒಳಗೆ 'ಪೆಂ ಮ್ಯಾಂ' ಎಂಬ ಫ್ರೆಂಚ್ ಬರಹ (ಕೈಯಿಂದ ಬಣ್ಣ ಬಳಿದದ್ದು ಎಂದು). ಫ್ರಾನ್ಸಿನವು, ಮಾರುಕಟ್ಟೆಯಲ್ಲಿ ಸಿಗುವವು ಬಹುಪಾಲು 20ನೇ ಶತಮಾನದ ಕೊನೆಯವು.

3. ಕಣ್ಣು ಪಳಗಿಸಿ, ಆಮೇಲೆ ಜೇಬಿಗೆ ಕೈಹಾಕಿ

ಅಸಲಿಯನ್ನು ಹತ್ತಿರದಿಂದ ನೋಡದೆ ಫೋಟೋ ನೋಡಿ ಕೊಳ್ಳುವುದು ಬೇಡ. ಲಂಡನ್ನಿನ ವಿಕ್ಟೋರಿಯ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಲೇಡಿ ಶಾರ್ಲೆಟ್ ಶ್ರೈಬರ್ 1884ರಲ್ಲಿ ಕೊಟ್ಟ ಸಂಗ್ರಹದಲ್ಲಿ ಇಂಗ್ಲಿಷ್ ಪಿಂಗಾಣಿಯೂ ಎನಾಮಲ್ಲೂ ಇವೆ, ಎರಡರ ವ್ಯತ್ಯಾಸ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಬ್ರಿಟಿಷ್ ಮ್ಯೂಸಿಯಂ, ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ, ವೂಸ್ಟರ್‌ನಲ್ಲಿರುವ ರಾಯಲ್ ವೂಸ್ಟರ್ ಸಂಗ್ರಹಾಲಯ ಮುಂದಿನವು. ಅಮೆರಿಕದಲ್ಲಿರುವ ಕನ್ನಡಿಗರಿಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಇದೆ. ಕರ್ನಾಟಕದಲ್ಲಿರುವವರು ಕನಿಷ್ಠ ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದ ಯುರೋಪಿನ ಪಿಂಗಾಣಿ ವಿಭಾಗ ನೋಡಿ ಬನ್ನಿ. ಜರ್ಮನ್, ಫ್ರೆಂಚ್ ಗಡಸು ಪಿಂಗಾಣಿಯ ತಣ್ಣನೆಯ ಬಿಳುಪು ಕಣ್ಣಿಗೆ ಹಿಡಿದರೆ ಇಂಗ್ಲಿಷ್ ಮೆದು ಪಿಂಗಾಣಿ ಎದುರಾದಾಗ ವ್ಯತ್ಯಾಸ ತಾನಾಗಿ ಹೊಳೆಯುತ್ತದೆ. ಗಡಸು, ಮೆದು ಎಂದರೇನು ಎಂಬುದು ಮುಂದಿನ ಹಂತದಲ್ಲಿದೆ.

ಗಾಜಿನ ಆಚೆಯಿಂದ ನೋಡಿ ತೂಕ ಗೊತ್ತಾಗುವುದಿಲ್ಲ. ಬ್ರಿಟನ್ನಿನ ಹರಾಜು ಸಂಸ್ಥೆಗಳು ಮಾರಾಟಕ್ಕೆ ಮುನ್ನ ಕೆಲವು ದಿನ ವಸ್ತುಗಳನ್ನು ವೀಕ್ಷಣೆಗೆ ಇಡುತ್ತವೆ. ಕೊಳ್ಳದಿದ್ದರೂ ಹೋಗಬಹುದು, ಕೇಳಿದರೆ ಕೈಗೂ ಕೊಡುತ್ತಾರೆ. ಉಂಗುರ, ಬಳೆ ತೆಗೆದಿಟ್ಟು, ಮೇಜಿನ ಮೇಲೆ ಬಟ್ಟೆ ಹಾಸಿ, ಎರಡೂ ಕೈಯಿಂದ ತಳ ಹಿಡಿದು ಎತ್ತಿ. ಮುಚ್ಚಳದ ಮೇಲಿನ ಕಿವಿ, ಕೊಕ್ಕು, ಬಾಲ ಹಿಡಿದು ಎತ್ತಲೇಬೇಡಿ.

ಜೊತೆಗಿರಬೇಕಾದ ಸಾಮಾನು ಕಡಿಮೆ: 10 ಪಟ್ಟು ಹಿಗ್ಗಿಸುವ ಭೂತಗನ್ನಡಿ, ಬಿಳಿ ಬೆಳಕಿನ ಸಣ್ಣ ಟಾರ್ಚ್, 365 ನ್ಯಾನೋಮೀಟರಿನ ನೀಲಾತೀತ (ಯುವಿ) ಟಾರ್ಚ್, ಪ್ಲಾಸ್ಟಿಕ್ಕಿನ ಅಳತೆಪಟ್ಟಿ. ಲೋಹದ ಕ್ಯಾಲಿಪರ್ ತರಬೇಡಿ, ಗ್ಲೇಜಿನ ಮೇಲೆ ಗೀರು ಬೀಳುತ್ತದೆ.

4. ಮಣ್ಣು ಓದಿ

ಇಡೀ ಕೆಲಸದ ಜೀವಾಳ ಇದು, ಸಮಯ ಕೊಡಿ.

ಪಿಂಗಾಣಿಯಲ್ಲಿ ಎರಡು ಮುಖ್ಯ ಜಾತಿ. ಗಡಸು ಮಣ್ಣಿನದು ಚೀನಾದಲ್ಲೂ ಜರ್ಮನಿಯ ಮೈಸೆನ್ನಿನಲ್ಲೂ ಮಾಡಿದ್ದು. ಕೆಯೊಲಿನ್ ಎಂಬ ಬಿಳಿ ಜೇಡಿಯನ್ನು ಸುಮಾರು 1,400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟದ್ದು. ಮೆದು ಮಣ್ಣಿನದು ಇಂಗ್ಲೆಂಡಿನ ಆರಂಭದ ಕಾರ್ಖಾನೆಗಳದ್ದು. ಗಾಜಿನ ಪುಡಿ, ಮೂಳೆಬೂದಿ ಅಥವಾ ಬಳಪದ ಕಲ್ಲನ್ನು ಮಣ್ಣಿಗೆ ಬೆರೆಸಿ ಅದಕ್ಕಿಂತ ಕಡಿಮೆ ಶಾಖದಲ್ಲಿ ಸುಟ್ಟು, ಮೇಲೆ ಸೀಸ ಬೆರೆತ ಗ್ಲೇಜು ಕೊಟ್ಟದ್ದು.

ಚಕ್ಕೆ ಹಾರಿದ ಜಾಗವಿದ್ದರೆ ಭೂತಗನ್ನಡಿಯಲ್ಲಿ ನೋಡಿ. ಗಡಸು ಪಿಂಗಾಣಿಯಲ್ಲಿ ಒಡೆದ ಮೈ ಗಾಜಿನಂತೆ ನುಣುಪು, ಮಣ್ಣೂ ಗ್ಲೇಜೂ ಒಂದೇ ಆಗಿ ಬೆಸೆದಿರುತ್ತವೆ. ಮೆದು ಪಿಂಗಾಣಿಯಲ್ಲಿ ಒಡೆದ ಮೈ ಕಲ್ಲುಸಕ್ಕರೆಯನ್ನು ಮುರಿದಂತೆ ತರಿತರಿ, ಗ್ಲೇಜು ಮೇಲೆ ಪ್ರತ್ಯೇಕ ಪದರವಾಗಿ ಕಾಣುತ್ತದೆ. ಮಡಿಕೆಗಳಲ್ಲಿ, ಪ್ರಾಣಿಯ ಕಾಲುಸಂದಿನಲ್ಲಿ ಗ್ಲೇಜು ಹರಿದು ಮಡುಗಟ್ಟಿರುತ್ತದೆ. ಮೇಲಿನ ಬಣ್ಣ ಗ್ಲೇಜಿನೊಳಕ್ಕೆ ಸ್ವಲ್ಪ ಇಳಿದಂತೆ ಮೃದುವಾಗಿರುತ್ತದೆ. ಗಡಸಿನಲ್ಲಿ ಬಣ್ಣ ಮೇಲೆಯೇ ನಿಂತು, ಬೆರಳಿಗೆ ಎದ್ದು ಸಿಗುತ್ತದೆ.

ಇನ್ನು ಬಿಳಿ ಟಾರ್ಚನ್ನು ಡಬ್ಬಿಯೊಳಗೆ ಹಿಡಿದು, ಕತ್ತಲಲ್ಲಿ ಹೊರಗಿನಿಂದ ನೋಡಿ. 1750ರ ದಶಕದ ಚೆಲ್ಸಿಯದಲ್ಲಿ ಅಲ್ಲಲ್ಲಿ ಹೆಚ್ಚು ಬೆಳಕು ಬಿಡುವ ದುಂಡನೆಯ ಚುಕ್ಕೆಗಳು ಕಾಣಬಹುದು. ಮಣ್ಣಿನೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ಅವು, ಸಂಗ್ರಾಹಕರು 'ಮೂನ್ಸ್' (ಚಂದ್ರಚುಕ್ಕೆ) ಅನ್ನುತ್ತಾರೆ. ಬಳಪದ ಕಲ್ಲು ಬೆರೆಸಿದ ವೂಸ್ಟರ್‌ನಲ್ಲಿ ಬೆಳಕು ತಿಳಿಹಸಿರಾಗಿ ಹಾಯುತ್ತದೆ. ಮೂಳೆಬೂದಿ ಬೆರೆಸಿದ ಬೋ ವಸ್ತುಗಳು ದಪ್ಪವಿದ್ದಲ್ಲಿ ಬೆಳಕನ್ನೇ ಬಿಡುವುದಿಲ್ಲ, ಬಿಟ್ಟರೆ ಹಳದಿ ಛಾಯೆ. ಒಂದು ಎಚ್ಚರಿಕೆ: ಚಂದ್ರಚುಕ್ಕೆ ಕಂಡ ಮಾತ್ರಕ್ಕೆ ಚೆಲ್ಸಿಯ ಎಂದು ತೀರ್ಮಾನಿಸಬೇಡಿ, ಬೇರೆ ಮೆದು ಮಣ್ಣುಗಳಲ್ಲೂ ಅವು ಬರುತ್ತವೆ. ದಪ್ಪನೆಯ ಟ್ಯುರೀನಿನ ಗೋಡೆಯಲ್ಲಿ ಈ ಪರೀಕ್ಷೆ ಏನನ್ನೂ ಹೇಳದೆಯೂ ಹೋಗಬಹುದು. ಆಗ ಅಂಚು ತೆಳುವಾಗಿರುವ ಕಡೆ, ಎಲೆ ಅಥವಾ ಕಿವಿಯ ಬಳಿ ಪ್ರಯತ್ನಿಸಿ.

ಒಳಗಿನ ಮೈ ಕೂಡ ಮಾತಾಡುತ್ತದೆ. ಚೆಲ್ಸಿಯ ಮತ್ತು ಡರ್ಬಿಯವರು ನೀರಾದ ಮಣ್ಣನ್ನು ಅಚ್ಚಿನೊಳಗೆ ಸುರಿದು, ಗೋಡೆ ಗಟ್ಟಿಯಾದ ಮೇಲೆ ಉಳಿದದ್ದನ್ನು ಚೆಲ್ಲುತ್ತಿದ್ದರು. ಒಳಮೈ ನುಣುಪು, ದಪ್ಪ ಸಮ. ಬೋದವರು ಮಣ್ಣನ್ನು ಬೆರಳಿನಿಂದ ಅಚ್ಚಿಗೆ ಒತ್ತುತ್ತಿದ್ದರು. ಒಳಗೆ ಬೆರಳಿನ ಗುಳಿಗಳು ಉಳಿದಿರುತ್ತವೆ, ವಸ್ತು ತನ್ನ ಗಾತ್ರಕ್ಕಿಂತ ಭಾರ. ಹೇಳಿದ ಕಾರ್ಖಾನೆಗೂ ಒಳಮೈಗೂ ತಾಳೆಯಾಗದಿದ್ದರೆ ಮಾರುವವರನ್ನು ಕೇಳಿ.

ತಳದಲ್ಲಿ ಭಟ್ಟಿಯ ಕುರುಹುಗಳನ್ನು ಹುಡುಕಿ. ಚೆಲ್ಸಿಯದಲ್ಲಿ ಮೂರು ಸಣ್ಣ ಮೊಳೆಮುನೆಯಂಥ ಗಾಯ, ಸುಡುವಾಗ ವಸ್ತುವನ್ನು ಎತ್ತಿ ನಿಲ್ಲಿಸಿದ ಮುಮ್ಮೊಳೆಯ ಗುರುತು. ಡರ್ಬಿಯಲ್ಲಿ ಮೂರು ಅಥವಾ ನಾಲ್ಕು ಮಂಕಾದ ದುಂಡು ಮಚ್ಚೆ, ಮಣ್ಣಿನ ಉಂಡೆಗಳ ಮೇಲೆ ಕೂರಿಸಿ ಸುಟ್ಟದ್ದರಿಂದ ಆದದ್ದು. ಲಂಗರಿಗಿಂತ ಇವು ಎಷ್ಟೋ ವಿಶ್ವಾಸಾರ್ಹ.

ಗಡಸು ಮಣ್ಣು ಅಂದರೆ ಇಂಗ್ಲಿಷ್ ಅಲ್ಲವೇ ಅಲ್ಲ ಎನ್ನಲಾಗದು. ವಿಲಿಯಂ ಕುಕ್‌ವರ್ದಿ 1768ರಲ್ಲಿ ಪ್ಲಿಮತ್‌ನಲ್ಲಿ ಗಡಸು ಪಿಂಗಾಣಿ ಆರಂಭಿಸಿದ, 1770ರಲ್ಲಿ ಕೆಲಸ ಬ್ರಿಸ್ಟಲ್‌ಗೆ ಹೋಯಿತು. ಆದರೆ ಚೆಲ್ಸಿಯ ಎಂದು ಹೇಳಿ ತೋರಿಸಿದ ವಸ್ತು ಗಡಸಾಗಿದ್ದರೆ ಮಾತು ಅಲ್ಲಿಗೇ ಮುಗಿಯಿತು. 1800ರ ಸುಮಾರಿನಿಂದ ಬೋನ್ ಚೈನಾ ಬಳಕೆಗೆ ಬಂತು. ಮೂಳೆಬೂದಿಯ ಜೊತೆ ಕೆಯೊಲಿನ್ ಸೇರಿಸಿದ ಈ ಮಣ್ಣು ಬಹಳ ಬಿಳಿ, ಸ್ವಚ್ಛವಾಗಿ ಬೆಳಕು ಬಿಡುತ್ತದೆ. ಅಂಥ ವಸ್ತುವಿಗೆ '1755' ಎಂಬ ಚೀಟಿ ಅಂಟಿದ್ದರೆ ನಂಬಬೇಡಿ.

ತಳವನ್ನು ಅರದಿಂದ ಉಜ್ಜಿ ಮಣ್ಣಿನ ಗಡಸುತನ ನೋಡುವ ಹಳೆಯ ಪದ್ಧತಿಯೊಂದು ಕೆಲವು ಕಡೆ ಓದಲು ಸಿಗುತ್ತದೆ. ಅದು ವಸ್ತುವಿಗೆ ಮಾಡುವ ಗಾಯ. ನಿಮ್ಮದೇ ವಸ್ತುವಾದರೂ ಮಾಡಬೇಡಿ.

5. ಮುಚ್ಚಳ, ತಳ, ಲೋಹದ ಕಟ್ಟು

ಎರಡು ಭಾಗಗಳಿರುವ ವಸ್ತುವಿನಲ್ಲಿ ಒಂದು ಒಡೆದು ಇನ್ನೊಂದು ಉಳಿಯುವುದು ಸಾಮಾನ್ಯ. ಉಳಿದ ಅರ್ಧಗಳನ್ನು ಜೋಡಿ ಮಾಡಿ ಮಾರುವುದೂ ಅಷ್ಟೇ ಸಾಮಾನ್ಯ. ಇಂಥದ್ದನ್ನು 'ಮ್ಯಾರಿಡ್ ಪೀಸ್' ಎನ್ನುತ್ತಾರೆ, ಬೆಲೆ ತೀವ್ರವಾಗಿ ಇಳಿಯುತ್ತದೆ.

ಮುಚ್ಚಳವನ್ನು ಕೂರಿಸಿ, ಬೆರಳ ತುದಿಯಿಂದ ಮೆಲ್ಲಗೆ ಒತ್ತಿ. ಭಟ್ಟಿಯಲ್ಲಿ ಮಣ್ಣು ಸ್ವಲ್ಪ ಸೊಟ್ಟಗಾಗುವುದರಿಂದ ಚೂರು ಅಲುಗಾಟ ಇರಬಹುದು. ಆದರೆ ಅಂಚು ಯಾವುದೋ ಒಂದು ಕಡೆ ಹೊರಚಾಚಬಾರದು. ತಳದ ಗೂಡಿನ ಹುಲ್ಲು, ಬುಟ್ಟಿಯ ಹೆಣಿಗೆ, ಗರಿಗಳ ಬಣ್ಣ ಮೇಲಿನಿಂದ ಕೆಳಕ್ಕೆ ಕಡಿಯದೆ ಸಾಗಬೇಕು. ಬಿಳುಪಿನ ಛಾಯೆ ಎರಡರಲ್ಲೂ ಒಂದೇ ಇರಬೇಕು. ಯುವಿ ಟಾರ್ಚ್ ಹಿಡಿದಾಗ ಎರಡೂ ಒಂದೇ ಬಣ್ಣದಲ್ಲಿ ಹೊಳೆಯಬೇಕು. ಚೆಲ್ಸಿಯದ ಕೆಲವು ಟ್ಯುರೀನುಗಳಲ್ಲಿ ಮುಚ್ಚಳದ ಒಳಗೂ ತಳದಲ್ಲೂ ಕೆಂಪು ಲಂಗರಿನ ಜೊತೆ ಒಂದೇ ಅಂಕಿ ಬರೆದಿರುತ್ತಾರೆ, ಜೋಡಿ ತಪ್ಪದಿರಲೆಂದು. ಅಂಕಿ ಬೇರೆ ಬೇರೆ ಇದ್ದರೆ ವಿವರಣೆ ಕೇಳಿ.

ಬಾನ್‌ಬೊನಿಯೇರ್‌ನಲ್ಲಿ ಪರೀಕ್ಷೆ ಬೇರೆ. ಅಲ್ಲಿ ಮುಚ್ಚಳ ಪಿಂಗಾಣಿಯೇ ಆಗಿರಬೇಕೆಂದಿಲ್ಲ. ಎನಾಮಲ್ ತಟ್ಟೆ, ಅಗೇಟ್ ಕಲ್ಲಿನ ಬಿಲ್ಲೆಯನ್ನು ಚಿನ್ನದ ಅಥವಾ ಚಿನ್ನದ ನೀರು ಕೊಟ್ಟ ಲೋಹದ ಕಟ್ಟಿನಲ್ಲಿ ಕೂರಿಸುತ್ತಿದ್ದರು. ಗೂಯನ್ ಆಭರಣ ವ್ಯಾಪಾರಿಯಾದ್ದರಿಂದ ಅವನ ಡಬ್ಬಿಗಳ ಕಟ್ಟು ಚಿನ್ನದ್ದೇ ಇರುವುದುಂಟು. ಕಟ್ಟಿನ ಮೇಲೆ ಫ್ರೆಂಚ್ ಭಾಷೆಯ ಪ್ರೇಮದ ಸಾಲುಗಳು, ಹಲವೊಮ್ಮೆ ಕಾಗುಣಿತ ತಪ್ಪಿದವು, ಕಾಣಿಸಿದರೆ ಗಾಬರಿ ಬೇಡ. ಆ ತಪ್ಪುಗಳು ಈ ಕಾಲದ ಲಂಡನ್ ಕೆಲಸಕ್ಕೆ ಹೊಂದುತ್ತವೆ.

ನೋಡಬೇಕಾದ್ದು ಇಷ್ಟು: ಕಟ್ಟು ಪಿಂಗಾಣಿಯ ಅಂಚಿಗೆ ಸರಿಯಾಗಿ ಅಪ್ಪಿಕೊಂಡಿದೆಯೇ, ಅಥವಾ ಸಂದಿನಲ್ಲಿ ಹೊಸ ಅಂಟು, ಪುಟ್ಟಿ ತುಂಬಿದೆಯೇ? ಕೀಲಿನ ಕಡ್ಡಿ ಹೊಸದೇ? ಕಟ್ಟಿನ ಅಡಿಯಿಂದ ಹೊರಡುವ ಬಿರುಕು ಇದೆಯೇ? ಈ ಕೊನೆಯದನ್ನು ಹಲವರು ಗಮನಿಸುವುದಿಲ್ಲ. ಮುರಿದ ಅಂಚನ್ನು ಮರೆಮಾಡಲೆಂದೇ ನಂತರದಲ್ಲಿ ಅಗಲ ಕಟ್ಟು ಹಾಕಿದ ಡಬ್ಬಿಗಳಿವೆ. ಕಟ್ಟು ಬದಲಾಗಿದ್ದರೆ ವಸ್ತು ಕೆಟ್ಟದ್ದು ಎಂದಲ್ಲ, ಹಳೆಯ ಡಬ್ಬಿಗಳಲ್ಲಿ ಅದು ಆಗುವಂಥದ್ದೇ. ಆದರೆ ಆ ವಿಷಯ ಬೆಲೆಯಲ್ಲಿ ಕಾಣಬೇಕು.

6. ಬಂಗಾರ ಮತ್ತು ಬಣ್ಣ

1750–60ರ ದಶಕದ ಒಳ್ಳೆಯ ಇಂಗ್ಲಿಷ್ ಪಿಂಗಾಣಿಯಲ್ಲಿ ಬಂಗಾರದ ಪುಡಿಯನ್ನು ಜೇನಿನಲ್ಲಿ ಅರೆದು ಹಚ್ಚಿ ಸುಡುತ್ತಿದ್ದರು. ಅದು ಮೃದುವಾದ, ತುಸು ಮಂಕು ಹೊಳಪು, ದಪ್ಪನಾಗಿ ಕೂತಿರುತ್ತದೆ. 18ನೇ ಶತಮಾನದ ಕೊನೆಗೆ ಪಾದರಸದೊಂದಿಗೆ ಬೆರೆಸುವ ಪದ್ಧತಿ ಬಂತು. ಅದು ತೆಳು, ಹಿತ್ತಾಳೆಯಂಥ ಥಳಥಳ. 1755ರದೆಂದು ಹೇಳುವ ವಸ್ತುವಿನ ಮೇಲೆ ಥಳಥಳಿಸುವ ತೆಳು ಬಂಗಾರವಿದ್ದರೆ ಒಂದೋ ವಸ್ತು ಆಮೇಲಿನದು, ಇಲ್ಲವೇ ಬಂಗಾರ ಆಮೇಲಿನದು.

ಸವೆತ ಎಲ್ಲಿ ಆಗಿದೆ ನೋಡಿ. ಕೈ ತಾಗುವ ಬೆನ್ನು, ಅಂಚು, ನೆಲಕ್ಕೆ ತಾಗುವ ತಳದಲ್ಲಿ ಸವೆದಿರುವುದು ಸಹಜ. ಕಾಲುಸಂದಿನಲ್ಲಿ ಸವೆದು, ಬೆನ್ನು ಹೊಸದರಂತಿದ್ದರೆ ಯಾರೋ ಉಜ್ಜಿ ಹಳೆಯದು ಮಾಡಿದ್ದಾರೆ. ಗ್ಲೇಜಿನ ಬಲೆಬಿರುಕಿನಲ್ಲಿ ಒಂದೇ ಸಮನೆ ಕಂದು ಬಣ್ಣ ತುಂಬಿದ್ದರೂ ಅದೇ ಅನುಮಾನ. ನಿಜವಾದ ಕೊಳೆ ಎಂದೂ ಸಮನಾಗಿ ಇಳಿಯುವುದಿಲ್ಲ. ಸ್ಟಾಫರ್ಡ್‌ಶೈರ್ ಕೋಳಿಗಳ ನಕಲುಗಳಲ್ಲಿ ಈ ಕಂದುಬಲೆ ತುಂಬಾ ಬರುತ್ತದೆ.

7. ಈಗ ಗುರುತು

ಚೆಲ್ಸಿಯ ಕಾರ್ಖಾನೆಯನ್ನು ನಡೆಸಿದವನು ಲಿಯೇಜ್ ಮೂಲದ ಬೆಳ್ಳಿಕೆಲಸಗಾರ ನಿಕೊಲಾಸ್ ಸ್ಪ್ರಿಮೊಂಟ್. ಗುರುತುಗಳ ಕ್ರಮ ಹೀಗೆ: ಸುಮಾರು 1745–49ರಲ್ಲಿ ಗೀರಿದ ತ್ರಿಕೋನ, 1749–52ರಲ್ಲಿ ಸಣ್ಣ ಅಂಡಾಕಾರದ ಬಿಲ್ಲೆಯ ಮೇಲೆ ಉಬ್ಬಿದ ಲಂಗರು, 1752–56ರಲ್ಲಿ ಕೆಂಪು ಲಂಗರು, ಆಮೇಲೆ 1769ರವರೆಗೆ ಬಂಗಾರದ ಲಂಗರು. 1770ರಲ್ಲಿ ಕಾರ್ಖಾನೆ ಡರ್ಬಿಯ ವಿಲಿಯಂ ಡ್ಯೂಸ್‌ಬರಿಯ ಕೈಸೇರಿತು.

ಅಳತೆಪಟ್ಟಿ ಈಗ ಬೇಕು. ನಿಜವಾದ ಲಂಗರು ಬಹಳ ಚಿಕ್ಕದು, ಸಾಮಾನ್ಯವಾಗಿ 6 ಮಿ.ಮೀ. ಮೀರುವುದಿಲ್ಲ, ತಳದ ನಟ್ಟನಡುವೆ ಇರಲೇಬೇಕೆಂದೂ ಇಲ್ಲ. ಪ್ರಾಣಿಯ ಹಿಂಬದಿಯ ಮೂಲೆಯಲ್ಲೆಲ್ಲೋ ಅಡಗಿರುತ್ತದೆ. ತಳದ ನಡುವೆ ಒಂದು ಸೆಂಟಿಮೀಟರಿಗಿಂತ ದೊಡ್ಡದಾಗಿ ಹೊಳೆಯುವ ಬಂಗಾರದ ಲಂಗರು ಚೆಲ್ಸಿಯದ್ದಲ್ಲ. ಇಂಥವು ಪ್ಯಾರಿಸ್ಸಿನ ಸ್ಯಾಮ್ಸನ್ ಸಂಸ್ಥೆಯದ್ದೋ ಯುರೋಪಿನ ಬೇರೆ ನಕಲುಗಾರರದ್ದೋ ಆಗಿರುತ್ತವೆ. 1845ರಲ್ಲಿ ಶುರುವಾದ ಸ್ಯಾಮ್ಸನ್ 20ನೇ ಶತಮಾನದವರೆಗೂ ಹಳೆಯ ಪಿಂಗಾಣಿಯ ಪ್ರತಿಗಳನ್ನು ತಯಾರಿಸಿತು. ಅದರ ಮಣ್ಣು ಗಡಸು, ಬೂದುಬಿಳುಪು. ನಾಲ್ಕನೇ ಹಂತವನ್ನು ಸರಿಯಾಗಿ ಮಾಡಿದವರು ಇಲ್ಲಿ ಮೋಸ ಹೋಗುವುದಿಲ್ಲ.

ಲಂಗರಿನ ಪಕ್ಕದಲ್ಲಿ ಕಠಾರಿಯೂ ಇದ್ದರೆ ಅದು ಬೋ ಕಾರ್ಖಾನೆಯ 1760ರ ನಂತರದ ಗುರುತು. ಇನ್ನು ಬಾನ್‌ಬೊನಿಯೇರ್‌ಗಳಲ್ಲಿ ಗುರುತೇ ಇಲ್ಲದಿರುವುದು ಸಾಮಾನ್ಯ. ಗುರುತಿಲ್ಲ ಎಂದು ಒಳ್ಳೆಯ ವಸ್ತು ಬಿಟ್ಟುಬಿಡಬೇಡಿ.

19ನೇ ಶತಮಾನದ ವಸ್ತುಗಳಿಗೆ ಕೆಲವು ನೇರ ಸುಳಿವುಗಳಿವೆ. ವಜ್ರಾಕಾರದ ನೋಂದಣಿ ಗುರುತು 1842ರಿಂದ 1883ರವರೆಗಿನದು, 'ಆರ್‌ಡಿ ನಂ.' ಜೊತೆಗಿನ ಅಂಕಿ 1884ರಿಂದ ಈಚಿನದು. 'ಇಂಗ್ಲೆಂಡ್' ಎಂಬ ಪದ ಕಂಡರೆ ಬಹುತೇಕ 1891ರ ನಂತರದ್ದು, ಏಕೆಂದರೆ ಆಮದಾದ ಸರಕಿನ ಮೇಲೆ ದೇಶದ ಹೆಸರು ಬೇಕೆಂದು ಅಮೆರಿಕ ಆ ವರ್ಷ ಕಡ್ಡಾಯ ಮಾಡಿತು. 'ಮೇಡ್ ಇನ್ ಇಂಗ್ಲೆಂಡ್' ಇದ್ದರೆ 20ನೇ ಶತಮಾನ ಅಂದುಕೊಳ್ಳಿ. ಮಣ್ಣಿನ ಎಳೆಗಳಿಂದ ಉಣ್ಣೆ ಮಾಡಿದ ಕುರಿ, ಪೂಡಲ್ ನಾಯಿಗಳನ್ನು 'ರಾಕಿಂಗ್‌ಹ್ಯಾಮ್' ಎಂದು ಮಾರುವುದು ವ್ಯಾಪಾರದ ಹಳೆಯ ಚಾಳಿ. ಯಾರ್ಕ್‌ಶೈರಿನ ಆ ಕಾರ್ಖಾನೆ ಅಂಥವನ್ನು ಮಾಡಲೇ ಇಲ್ಲ, ಆ ಹೆಸರಿಗೆಂದು ಹೆಚ್ಚು ಕೊಡಬೇಡಿ.

8. ದುರಸ್ತಿ ಹುಡುಕಿ

ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚನ್ನು ಕಿವಿ, ಕೊಕ್ಕು, ಬಾಲ, ಕಾಲು, ಮುಚ್ಚಳದ ಅಂಚು ಈ ಐದು ಜಾಗಗಳ ಮೇಲೆ ನಿಧಾನವಾಗಿ ಆಡಿಸಿ. ಮೊದಲು ಮುರಿಯುವುದು ಇವೇ. ಹೊಸ ಅಂಟು, ಹೊಸ ಬಣ್ಣ ಸುತ್ತಲಿನ ಗ್ಲೇಜಿಗಿಂತ ಬೇರೆಯಾಗಿ ಮಿನುಗುತ್ತದೆ. ಟಾರ್ಚನ್ನು ಕಣ್ಣಿಗೆ ನೇರ ಹಿಡಿಯಬೇಡಿ. ಯುವಿಗೆ ಸಿಗದ ದುರಸ್ತಿಯೂ ಇರುತ್ತದಾದ್ದರಿಂದ ಬೆರಳನ್ನೂ ಆಡಿಸಿ. ಗ್ಲೇಜು ತಣ್ಣಗಿರುತ್ತದೆ, ಪ್ಲಾಸ್ಟಿಕ್ ಬಣ್ಣ ಬೆಚ್ಚಗೂ ತುಸು ಅಂಟಂಟಾಗಿಯೂ ಇರುತ್ತದೆ.

ಬಿರುಕುಗಳಲ್ಲಿ ಎರಡು ಬಗೆ. ಭಟ್ಟಿಯಲ್ಲೇ ಆದ ಬಿರುಕಿನ ಅಂಚು ದುಂಡಗೆ, ಒಳಕ್ಕೆ ಗ್ಲೇಜು ಹರಿದಿರುತ್ತದೆ. ಆರಂಭದ ಇಂಗ್ಲಿಷ್ ಪಿಂಗಾಣಿಯಲ್ಲಿ ಇದು ಸಹಜ, ಬೆಲೆ ಅಷ್ಟೇನೂ ಇಳಿಯದು. ಆಮೇಲೆ ಬಿದ್ದ ಕೂದಲೆಳೆ ಬಿರುಕು ಚೂಪು, ಗ್ಲೇಜನ್ನೇ ಸೀಳಿರುತ್ತದೆ, ಮತ್ತು ಬೆಳೆಯಬಹುದು. ಲೋಹದ ಕಂಬಿ ಬಡಿದು ಜೋಡಿಸಿದ ಹಳೆಯ ದುರಸ್ತಿ ಕಂಡರೆ ಅದನ್ನು ತೆಗೆಸಲು ಹೋಗಬೇಡಿ. ಪೂರ್ತಿ ಬಣ್ಣ ಹೊಡೆದು ಮುಚ್ಚಿದ ದುರಸ್ತಿಗಿಂತ ಅದು ಪ್ರಾಮಾಣಿಕ. ಸುತ್ತಲಿನ ಎಲೆ, ಹೂವಿನ ಎಸಳಿನಲ್ಲಿ ಸಣ್ಣ ಚಕ್ಕೆ ಹಾರಿದ್ದನ್ನು ಒಪ್ಪಿಕೊಳ್ಳಬಹುದು. ಪ್ರಾಣಿಯ ತಲೆಯೇ ಹೊಸದಾಗಿದ್ದರೆ ಬೇಡ.

9. ಕೊಳ್ಳುವಾಗ

ಹರಾಜಿನ ಪಟ್ಟಿಯ ಭಾಷೆ ಕಲಿಯಿರಿ. 'ಚೆಲ್ಸಿಯ, ಸುಮಾರು 1755' ಎಂದರೆ ಸಂಸ್ಥೆ ತನ್ನ ಅಭಿಪ್ರಾಯಕ್ಕೆ ನಿಂತಿದೆ. 'ಅಟ್ರಿಬ್ಯೂಟೆಡ್ ಟು' ಎಂದರೆ ಬಹುಶಃ. 'ಇನ್ ದ ಸ್ಟೈಲ್ ಆಫ್', 'ಮ್ಯಾನರ್ ಆಫ್' ಎಂದರೆ ಅದಲ್ಲ, ಅದರಂತಿದೆ ಅಷ್ಟೇ. 'ಎ.ಎಫ್.' ಎಂದರೆ ಹಾನಿಯಾಗಿದೆ, ಇದ್ದಂತೆಯೇ ಮಾರುತ್ತೇವೆ ಎಂದು. ಪಟ್ಟಿಯಲ್ಲಿ ಹಾನಿಯ ಮಾತಿಲ್ಲದಿದ್ದರೆ ಹಾನಿ ಇಲ್ಲವೆಂದು ಭಾವಿಸಬೇಡಿ. ಬರಹದಲ್ಲಿ ಸ್ಥಿತಿ ವರದಿ ಕೇಳಿ, ಜೊತೆಗೆ ತಳ, ಒಳಮೈ, ಮುಚ್ಚಳವಿಲ್ಲದ ಅಂಚು, ಕೀಲು ಇವುಗಳ ಫೋಟೋ ಕೇಳಿ. ಕೊಡಲು ಹಿಂಜರಿದರೆ ಬಿಡ್ ಮಾಡಬೇಡಿ.

ಲೆಕ್ಕ ಮೊದಲೇ ಹಾಕಿ. ಸುತ್ತಿಗೆ ಬಿದ್ದ ಬೆಲೆ 1,000 ಪೌಂಡ್, ಕೊಳ್ಳುವವರ ಶುಲ್ಕ ಶೇ. 25 ಎಂದುಕೊಳ್ಳಿ: 250. ಆ ಶುಲ್ಕದ ಮೇಲೆ ಶೇ. 20 ವ್ಯಾಟ್: 50. ಅಲ್ಲಿಗೇ 1,300. ಆನ್‌ಲೈನ್ ವೇದಿಕೆಯ ಮೂಲಕ ಕೂಗಿದರೆ ಅದರ ಶುಲ್ಕ ಬೇರೆ, ಪ್ಯಾಕಿಂಗ್, ವಿಮೆ, ಸಾಗಣೆ, ಸುಂಕ ಬೇರೆ. ನಿಮ್ಮ ಗರಿಷ್ಠ ಮೊತ್ತದಿಂದ ಇವನ್ನೆಲ್ಲ ಕಳೆದು ಉಳಿದದ್ದನ್ನೇ ಕೂಗಿ.

ಮೊದಲ ಕೆಲವು ಖರೀದಿಗಳನ್ನು ಇಂಗ್ಲಿಷ್ ಪಿಂಗಾಣಿಯಲ್ಲೇ ಪಳಗಿದ ವ್ಯಾಪಾರಿಯಿಂದ ಮಾಡುವುದು ನನ್ನ ಸಲಹೆ, ಹರಾಜಿಗಿಂತ ಬೆಲೆ ಹೆಚ್ಚಾದರೂ. ರಸೀದಿಯಲ್ಲಿ ಕಾರ್ಖಾನೆ, ಕಾಲ, ದುರಸ್ತಿಯ ವಿವರ ಬರೆಸಿಕೊಳ್ಳಿ. ಹಿಂದಿನ ಸಂಗ್ರಾಹಕರ ಕಾಗದದ ಚೀಟಿ ತಳದಲ್ಲಿ ಅಂಟಿದ್ದರೆ ಕೀಳಬೇಡಿ, ಅದು ವಸ್ತುವಿನ ವಂಶಾವಳಿ.

10. ಮನೆಗೆ ತರುವುದು

ಮುಚ್ಚಳವನ್ನೂ ತಳವನ್ನೂ ಬೇರೆ ಬೇರೆ ಸುತ್ತಬೇಕು, ಮುಚ್ಚಿಟ್ಟು ಕಳಿಸಿದರೆ ದಾರಿಯಲ್ಲಿ ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಮೊದಲು ಆಮ್ಲರಹಿತ ಟಿಶ್ಯೂ ಕಾಗದ, ಆಮೇಲೆ ಗುಳ್ಳೆ ಪ್ಲಾಸ್ಟಿಕ್. ಪ್ಲಾಸ್ಟಿಕ್ ನೇರವಾಗಿ ಬಂಗಾರದ ಮೇಲೆ ತಾಗಬಾರದು. ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ, ನಡುವೆ ಎಲ್ಲ ಕಡೆ 5 ಸೆಂ.ಮೀ. ತುಂಬುವಸ್ತು. ಕೀಲಿರುವ ಬಾನ್‌ಬೊನಿಯೇರನ್ನು ಮುಚ್ಚಿಯೇ ಇಡಿ, ಆದರೆ ಅಂಚಿನ ನಡುವೆ ಒಂದೆಳೆ ಟಿಶ್ಯೂ ಇರಲಿ.

ಬ್ರಿಟನ್ನಿನಿಂದ ಹೊರಡುವ ಬೆಲೆಬಾಳುವ ಹಳೆಯ ವಸ್ತುಗಳಿಗೆ ರಫ್ತು ಪರವಾನಗಿ ಬೇಕಾಗಬಹುದು. ಅದನ್ನು ನೋಡಿಕೊಳ್ಳುವುದು ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್. ಮಾರಿದವರೇ ಅರ್ಜಿ ಹಾಕುತ್ತಾರೆಯೇ ಎಂದು ಮೊದಲೇ ಕೇಳಿ. ಭಾರತದ ಕಸ್ಟಮ್ಸ್‌ನಲ್ಲಿ 100 ವರ್ಷ ದಾಟಿದ ಪ್ರಾಚೀನ ವಸ್ತುಗಳಿಗೆ 9706 ಎಂಬ ಪ್ರತ್ಯೇಕ ಶೀರ್ಷಿಕೆಯಿದೆ, ಸಾಮಾನ್ಯ ಪಿಂಗಾಣಿ ಅಲಂಕಾರ ವಸ್ತುವಿನದು ಬೇರೆ. ಕಾಲವನ್ನು ಸ್ಪಷ್ಟವಾಗಿ ಬರೆದ ರಸೀದಿ ಇಲ್ಲದಿದ್ದರೆ ತಪ್ಪು ಶೀರ್ಷಿಕೆಯಲ್ಲಿ ಸುಂಕ ಬೀಳುತ್ತದೆ. ದರ ಬದಲಾಗುತ್ತಿರುತ್ತದೆ, ಕಳಿಸುವ ಮೊದಲು ಕಸ್ಟಮ್ಸ್ ಏಜೆಂಟರನ್ನು ಕೇಳಿ.

ಹಲವರಿಗೆ ಹೊಳೆಯದ ಇನ್ನೊಂದು ವಿಷಯ: 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಭಾರತದಿಂದ 100 ವರ್ಷ ಮೀರಿದ ಪ್ರಾಚ್ಯವಸ್ತುಗಳನ್ನು ಖಾಸಗಿಯವರು ಹೊರಕ್ಕೆ ಸಾಗಿಸುವಂತಿಲ್ಲ. ವಿದೇಶದಲ್ಲಿ ನೆಲೆಸಿ, ಸಂಗ್ರಹವನ್ನು ಬೆಂಗಳೂರಿಗೋ ಮಂಗಳೂರಿಗೋ ತಂದು ಮುಂದೊಂದು ದಿನ ವಾಪಸ್ ಒಯ್ಯುವ ಯೋಚನೆಯಿದ್ದರೆ, ಆಮದಿನ ದಾಖಲೆಗಳನ್ನು ಭದ್ರವಾಗಿಟ್ಟುಕೊಂಡು, ತರುವ ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ವಿಚಾರಿಸಿ.

11. ಇಡುವುದು, ಒರೆಸುವುದು

ಮೃದು ಕುಂಚದಿಂದ ದೂಳು ತೆಗೆದರೆ ಬಹುತೇಕ ಸಾಕು. ದುರಸ್ತಿಯಾಗದ, ಲೋಹದ ಕಟ್ಟಿಲ್ಲದ ವಸ್ತುವನ್ನು ಮಾತ್ರ ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಸೌಮ್ಯ ಸೋಪು ಹಾಕಿ, ಒದ್ದೆ ಹತ್ತಿಯಿಂದ ಒರೆಸಿ. ತೊಟ್ಟಿಯಲ್ಲಿ ಮುಳುಗಿಸಬೇಡಿ. ಹಳೆಯ ದುರಸ್ತಿಯಲ್ಲಿ ಬಳಸಿದ ಪ್ರಾಣಿಜನ್ಯ ಅಂಟು ಬಿಸಿನೀರಿಗೆ ಕರಗಿ ಕಿವಿ ಕೈಗೆ ಬರುತ್ತದೆ. ಬ್ಲೀಚ್ ಸಂಪೂರ್ಣ ನಿಷೇಧ. ಬಲೆಬಿರುಕಿನಿಂದ ಒಳಗಿಳಿದು, ಒಣಗಿದಾಗ ಹರಳುಗಟ್ಟಿ ಗ್ಲೇಜನ್ನೇ ಎಬ್ಬಿಸುತ್ತದೆ. ಕಲೆ ತೆಗೆಯಲೇಬೇಕಾದರೆ ಅದು ಸಂರಕ್ಷಣಾ ತಜ್ಞರ ಕೆಲಸ.

ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಪಿಂಗಾಣಿಗೆ ಏನೂ ಆಗದು, ಲೋಹದ ಕಟ್ಟಿಗೆ ಆಗುತ್ತದೆ. ಬಾನ್‌ಬೊನಿಯೇರ್‌ಗಳಿರುವ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಅದರ ಬಣ್ಣ ಬದಲಾದಾಗ ಹೊಸದನ್ನಿಡಿ. ಉಣ್ಣೆಯ ಫೆಲ್ಟ್ ಹಾಸಬೇಡಿ, ಅದರಿಂದ ಹೊರಡುವ ಗಂಧಕದ ಅಂಶ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಹತ್ತಿಬಟ್ಟೆ ಸಾಕು. ಕೀಲಿಗೆ ಎಣ್ಣೆ ಬಿಡಬೇಡಿ, ಎನಾಮಲ್ ಮುಚ್ಚಳದ ಬಿರುಕಿನೊಳಕ್ಕೆ ಅದು ಇಳಿಯುತ್ತದೆ.

ಪ್ರತಿ ಡಬ್ಬಿಗೂ ಒಂದು ಪುಟ ಇಡಿ: ಅಳತೆ, ತೂಕ, ಆರು ಕಡೆಯ ಫೋಟೋ, ಯುವಿ ಬೆಳಕಿನಲ್ಲಿ ತೆಗೆದ ಒಂದು ಫೋಟೋ, ರಸೀದಿಯ ಪ್ರತಿ, ಕಂಡ ದೋಷಗಳ ಪಟ್ಟಿ. ವಿಮೆಯವರು ಕೇಳುವುದು ಇದನ್ನೇ. ಕೂದಲೆಳೆ ಬಿರುಕಿದ್ದರೆ ಅದರ ಉದ್ದವನ್ನು ಮಿ.ಮೀ.ನಲ್ಲಿ ದಿನಾಂಕದೊಂದಿಗೆ ಬರೆದಿಟ್ಟು, ವರ್ಷಕ್ಕೊಮ್ಮೆ ಮತ್ತೆ ಅಳೆಯಿರಿ.